ತೆಂಗಿನ ಸೀಮೆಗೆ ಯಾವ ಯುದ್ಧವಿಮಾನ? ಆರ್‌ಸಿ ಮಾದರಿ ಆಯ್ಕೆಯ ಲೆಕ್ಕ

ಹಳೇ ಯುದ್ಧವಿಮಾನದ ಆರ್‌ಸಿ ಮಾದರಿ ಕಟ್ಟೋಣ ಅಂತ ನಾಲ್ಕು ಜನ ಸೇರಿದ ಕೂಡಲೇ ಬರುವ ಮೊದಲ ಹೆಸರು ಸ್ಪಿಟ್‌ಫೈರ್, ಎರಡನೆಯದು ಮಸ್ಟಾಂಗ್. ಎರಡೂ ಚಂದವೇ. ಆದರೆ ನಾವು ಹಾರಿಸಬೇಕಿರೋದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತ ತೋಟಗಳ ನಡುವೆ ಸಿಗುವ ಬಯಲಿನಲ್ಲಿ. ಹಾಗಾಗಿ ಈ ಪಾಠದಲ್ಲಿ ಕ್ರಮ ಬೇರೆ: ಮೊದಲು ಜಾಗ, ಆಮೇಲೆ ಗಾಳಿ, ಆಮೇಲೆ ತೂಕ, ಕೊನೆಗೆ ಹೆಸರು.

ಇಷ್ಟು ಯೋಚನೆ ಯಾಕೆ ಅಂದ್ರೆ, ಒಂದು ಮಾದರಿಗೆ ಒಂದಿಡೀ ಸೆಮಿಸ್ಟರಿನ ಸಂಜೆಗಳು ಹೋಗುತ್ತವೆ, ಎಲ್ಲರೂ ಚಂದಾ ಹಾಕಿದ ದುಡ್ಡು ಹೋಗುತ್ತದೆ. ಅದಕ್ಕಿಂತ ದೊಡ್ಡ ಮಾತು, ತೋಟದಲ್ಲಿ ಕಾಯಿ ಕೀಳುವವರು, ಗರಿ ಎಳೆಯುವವರು ಇರುತ್ತಾರೆ. ತಿರುಗುವ ಪ್ರೊಪೆಲ್ಲರಿಗೆ ಅವರು ಯಾರು ಅಂತ ಗೊತ್ತಾಗೋದಿಲ್ಲ.

ಮರದ ಲೆಕ್ಕ

ಬಯಲಿನ ಅಂಚಿನಲ್ಲಿ 18 ಮೀಟರ್ ಎತ್ತರದ ತೆಂಗಿನ ಸಾಲು ಇದೆ ಅಂತ ಇಟ್ಟುಕೊಳ್ಳೋಣ. ಹಳೇ ತೋಟಗಳಲ್ಲಿ ಇದು ದೊಡ್ಡ ಎತ್ತರವೇನಲ್ಲ. ಸುಳಿಯ ಮೇಲೆ 2 ಮೀಟರ್ ಅಂತರ ಬಿಟ್ಟರೆ ವಿಮಾನ 20 ಮೀಟರ್ ಎತ್ತರದಲ್ಲಿ ಸಾಲನ್ನು ದಾಟಬೇಕು. ಮೋಟರ್ ನಿಲ್ಲಿಸಿದಾಗ ಮಾದರಿ 1 ಮೀಟರ್ ಇಳಿಯುವಷ್ಟರಲ್ಲಿ 6 ಮೀಟರ್ ಮುಂದೆ ಹೋಗುತ್ತೆ ಅಂದರೆ, ನೆಲ ಮುಟ್ಟುವ ಹೊತ್ತಿಗೆ ಮರದಿಂದ 120 ಮೀಟರ್ ದೂರ ಬಂದಿರುತ್ತೆ. ಉರುಳಿ ನಿಲ್ಲಲು ಇನ್ನೊಂದು 30 ಮೀಟರ್. ಒಟ್ಟು 150. ಫ್ಲಾಪ್ ಇಳಿಸಿ ಜಾರುವಿಕೆಯನ್ನು 1ಕ್ಕೆ 4 ಮಾಡಿದರೆ 80 ಮೀಟರಿಗೇ ನೆಲ ಸಿಗುತ್ತೆ. ಅಂದರೆ ನಮ್ಮ ಸೀಮೆಯಲ್ಲಿ ಫ್ಲಾಪ್ ಅಲಂಕಾರ ಅಲ್ಲ, ಅಗತ್ಯ.

ಜಾಗ ಎಲ್ಲಿ ಅಂದ್ರೆ, ರಾಗಿ ಕಟಾವಾದ ಹೊಲ, ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳ, ಇಲ್ಲವೇ ಕಾಲೇಜಿನ ಮೈದಾನ. ಹೊಲದವರನ್ನು ಕೇಳಿ, ಹೆಜ್ಜೆ ಹಾಕಿ ಅಳೆದು, ಸುತ್ತಲಿನ ಮರ ಮತ್ತು ಕರೆಂಟ್ ತಂತಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಈ ಹಾಳೆಯೇ ನಿಮ್ಮ ಪ್ರಾಜೆಕ್ಟಿನ ಮೊದಲ ಡ್ರಾಯಿಂಗ್.

ಗಾಳಿಯ ಲೆಕ್ಕ

ನಮ್ಮೂರು ಸಮುದ್ರ ಮಟ್ಟಕ್ಕಿಂತ ಸುಮಾರು 850 ಮೀಟರ್ ಮೇಲಿದೆ. 32 ಡಿಗ್ರಿ ಬಿಸಿಲಿನಲ್ಲಿ ಇಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.05 ಕೆ.ಜಿ. ಪುಸ್ತಕದಲ್ಲಿ ನಾವು ಬಳಸೋದು 1.225. ಶೇಕಡ 15ರಷ್ಟು ಕಮ್ಮಿ. ಹಾಗಾಗಿ ಸ್ಟಾಲ್ ವೇಗ, ಅಂದರೆ ರೆಕ್ಕೆ ವಿಮಾನವನ್ನು ಇನ್ನು ಹೊರಲಾರೆ ಅನ್ನುವ ವೇಗ, ಸುಮಾರು ಶೇಕಡ 8ರಷ್ಟು ಏರುತ್ತೆ.

ಇದಕ್ಕಿಂತ ಮುಖ್ಯವಾದದ್ದು ಮರದ ಸಾಲಿನ ಮರೆ. ಸಾಲಿನ ಹಿಂದೆ, ಮರದ ಎತ್ತರದ ಹತ್ತು ಪಟ್ಟು ದೂರದವರೆಗೂ ಗಾಳಿ ಕುಗ್ಗಿರುತ್ತೆ. ಎದುರುಗಾಳಿಗೆ ಮುಖ ಮಾಡಿ ಇಳಿಯುವ ವಿಮಾನ ಸುಳಿಯ ಮಟ್ಟದಿಂದ ಕೆಳಗೆ ಬರುತ್ತಿದ್ದಂತೆ ಸೆಕೆಂಡಿಗೆ 4 ಮೀಟರ್ ಇದ್ದ ಗಾಳಿ 1ಕ್ಕೆ ಇಳಿದರೆ, ರೆಕ್ಕೆಗೆ ಸಿಗುವ ವೇಗವೂ ಅಷ್ಟೇ 3 ಮೀಟರ್ ಕಡಿಮೆಯಾಗುತ್ತೆ. ವಿಮಾನ ಧೊಪ್ ಅಂತ ಕೂತುಬಿಡುತ್ತೆ. ನೋಡುವವರಿಗೆ ರೇಡಿಯೋ ಕೆಟ್ಟಿತು ಅನ್ನಿಸುತ್ತೆ. ಕೆಟ್ಟಿರೋದು ರೇಡಿಯೋ ಅಲ್ಲ, ಲೆಕ್ಕ. ಅದಕ್ಕೇ ಇಳಿಯುವ ವೇಗವನ್ನು ಸ್ಟಾಲ್ ವೇಗದ 1.3 ಪಟ್ಟು ಇಟ್ಟು, ಅದರ ಮೇಲೆ ಈ 3 ಮೀಟರ್ ಸೇರಿಸಬೇಕು.

ತೂಕದ ಲೆಕ್ಕ

ಈಗ ಎರಡು ಮಾದರಿ ಹೋಲಿಸೋಣ. ಎರಡರಲ್ಲೂ ಗರಿಷ್ಠ ಲಿಫ್ಟ್ ಗುಣಾಂಕ 1.1 ಅಂತ ಹಿಡಿಯೋಣ.

ಮೊದಲನೆಯದು ಹತ್ತನೇ ಒಂದು ಅಳತೆಯ ಸ್ಪಿಟ್‌ಫೈರ್. ರೆಕ್ಕೆಯ ವಿಸ್ತೀರ್ಣ 0.225 ಚದರ ಮೀಟರ್. ಮಡಚುವ ಚಕ್ರ, ದೊಡ್ಡ ಬ್ಯಾಟರಿ, ಬಣ್ಣ ಎಲ್ಲಾ ಸೇರಿ 1.6 ಕೆ.ಜಿ. ಸ್ಟಾಲ್ ವೇಗ ಸೆಕೆಂಡಿಗೆ 11 ಮೀಟರ್, ಇಳಿಯುವ ವೇಗ 17.3.

ಎರಡನೆಯದು 0.25 ಚದರ ಮೀಟರ್ ರೆಕ್ಕೆಯ, ಚಕ್ರ ಮಡಚದ, 1.1 ಕೆ.ಜಿ. ಮಾದರಿ. ಸ್ಟಾಲ್ 8.6, ಇಳಿಯುವ ವೇಗ 14ರ ಸುಮಾರು.

ವ್ಯತ್ಯಾಸ ಬರೀ 3 ಮೀಟರ್ ಅಲ್ವಾ ಅನ್ನಬೇಡಿ. ನಿಲ್ಲಲು ಬೇಕಾದ ದೂರ ವೇಗದ ವರ್ಗದ ಜೊತೆ ಬೆಳೆಯುತ್ತೆ. ಭಾರದ ಮಾದರಿಗೆ ಒಂದೂವರೆ ಪಟ್ಟು ಜಾಗ ಬೇಕು. ಡಿಕ್ಕಿ ಹೊಡೆದರೆ ಅದರಲ್ಲಿರುವ ಶಕ್ತಿ ಹಗುರ ಮಾದರಿಯ ಎರಡು ಪಟ್ಟಿಗಿಂತ ಜಾಸ್ತಿ, 239 ಜೂಲ್‌ಗೆ 108. ಬಯಲು ಚಿಕ್ಕದು, ಪಕ್ಕದಲ್ಲಿ ಜನ ಇದ್ದಾರೆ ಅಂದಾಗ ಈ ಎರಡು ಅಂಕಿಗಳೇ ತೀರ್ಪು ಹೇಳುತ್ತವೆ.

ಯಾರ್ಯಾರು ಸಾಲಿನಲ್ಲಿದ್ದಾರೆ?

ಸ್ಪಿಟ್‌ಫೈರ್: ಅಂಡಾಕಾರದ ರೆಕ್ಕೆ, ಹಾಗಾಗಿ ಒಂದು ರಿಬ್ ಇದ್ದಂತೆ ಪಕ್ಕದ್ದು ಇರಲ್ಲ. ತುದಿ ಕಿರಿದಾದ್ದರಿಂದ ಚಿಕ್ಕ ಮಾದರಿಯಲ್ಲಿ ತುದಿಯೇ ಮೊದಲು ಸ್ಟಾಲ್ ಆಗಿ ವಿಮಾನ ಪಕ್ಕಕ್ಕೆ ಮಗುಚುವ ಅಪಾಯ ಇದೆ. ಚಕ್ರಗಳು ಹತ್ತಿರ ಹತ್ತಿರ, ಉಬ್ಬುತಗ್ಗಿನ ಹೊಲದಲ್ಲಿ ಮುಗ್ಗರಿಸುತ್ತೆ.

ಹರಿಕೇನ್: ಎರಡನೇ ಮಹಾಯುದ್ಧದಲ್ಲಿ ನಮ್ಮ ವಾಯುಪಡೆಯವರೂ ಹಾರಿಸಿದ ವಿಮಾನ. ದಪ್ಪ ರೆಕ್ಕೆ, ಅಗಲವಾಗಿ ಊರುವ ಚಕ್ರ. ಸ್ಪಿಟ್‌ಫೈರಿಗಿಂತ ನಮ್ಮ ನೆಲಕ್ಕೆ ಹತ್ತಿರ. ಆದರೆ ಮೂತಿ ಗಿಡ್ಡ, ತೂಕ ಸರಿದೂಗಿಸಲು ಮುಂದೆ ಸೀಸ ತುಂಬಬೇಕಾಗಬಹುದು.

ಮಾರುತ್: ಬೆಂಗಳೂರಿನ ಎಚ್‌ಎಎಲ್‌ನಲ್ಲಿ, ಜರ್ಮನಿಯ ಕರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ಎಚ್‌ಎಫ್-24. 1971ರ ಯುದ್ಧದಲ್ಲಿ ಭಾಗವಹಿಸಿತು. ನಮ್ಮದು ಅನ್ನುವ ಹೆಮ್ಮೆ ಸಹಜ. ಆದರೆ ಹಿಂದಕ್ಕೆ ಬಾಗಿದ ರೆಕ್ಕೆ, ಕರೆಂಟು ಕುಡಿಯುವ ಡಕ್ಟೆಡ್ ಫ್ಯಾನ್, ಜಾಸ್ತಿ ವೇಗ. ಇದು ಮೂರನೇ ವಿಮಾನವಾಗಲಿ, ಮೊದಲನೆಯದು ಬೇಡ.

ಕೃಷಕ್: ಎಚ್‌ಎಎಲ್ ಭೂಸೇನೆಗೆ ಕಟ್ಟಿಕೊಟ್ಟ ವೀಕ್ಷಣಾ ವಿಮಾನ, 1959ರಲ್ಲಿ ಮೊದಲು ಹಾರಿತು. ರೆಕ್ಕೆ ಮೇಲಿದೆ, ಬಹಳ ಸಾಧು. ತಂಡದಲ್ಲಿ ಯಾರೂ ಈವರೆಗೆ ಹಾರಿಸಿಲ್ಲ ಅಂದ್ರೆ ಇಲ್ಲಿಂದ ಶುರು ಮಾಡಿ.

ಎಚ್‌ಟಿ-2: ವಿ.ಎಂ. ಘಾಟಗೆ ಅವರ ತಂಡ ಎಚ್‌ಎಎಲ್‌ನಲ್ಲಿ ವಿನ್ಯಾಸ ಮಾಡಿದ ತರಬೇತಿ ವಿಮಾನ. 1951ರ ಆಗಸ್ಟಿನಲ್ಲಿ ಮೊದಲ ಹಾರಾಟ. ವಾಯುಪಡೆಯ ಎಷ್ಟೋ ಪೈಲಟ್‌ಗಳು ಕೈ ಪಳಗಿಸಿಕೊಂಡದ್ದು ಇದರಲ್ಲೇ. ಕೆಳರೆಕ್ಕೆ, ಮಡಚದ ಚಕ್ರ, ಬಾಲದಲ್ಲಿ ಪುಟ್ಟ ಚಕ್ರ, ಉದ್ದ ಮೂತಿ.

ನಮ್ಮ ಆಯ್ಕೆ

ಒಂದು ಕೃಷಕ್‌ನಂಥ ಮೇಲ್ರೆಕ್ಕೆಯ ಮಾದರಿ ಹಾರಿಸಿ ಕೈ ಕುದುರಿದ ತಂಡಕ್ಕೆ ನಾವು ಹೇಳೋದು ಎಚ್‌ಟಿ-2. ನಿಜವಾದ ವಿಮಾನದ ರೆಕ್ಕೆ 10.72 ಮೀಟರ್. ಎಂಟನೇ ಒಂದು ಅಳತೆಯಲ್ಲಿ 1.34 ಮೀಟರ್. ಸರಾಸರಿ ಅಗಲ 19 ಸೆಂ.ಮೀ. ಹಿಡಿದರೆ ಮೇಲೆ ಹೇಳಿದ 0.25 ಚದರ ಮೀಟರ್ ಬರುತ್ತೆ. ಕೆ.ಜಿ.ಗೆ 200 ವ್ಯಾಟ್ ಲೆಕ್ಕದಲ್ಲಿ 220 ವ್ಯಾಟ್ ಸಾಕು. 11.1 ವೋಲ್ಟ್ ಬ್ಯಾಟರಿಯಿಂದ 20 ಆಂಪಿಯರ್, ಹಾಗಾಗಿ 30 ಆಂಪಿಯರಿನ ಸ್ಪೀಡ್ ಕಂಟ್ರೋಲರ್ ಹಾಕಿ. ಗುರುತ್ವ ಕೇಂದ್ರ ರೆಕ್ಕೆಯ ಸರಾಸರಿ ಅಗಲದ ಶೇಕಡ 25ರಿಂದ 28ರೊಳಗೆ, ಅಂದರೆ ಮುಂಅಂಚಿನಿಂದ ಸುಮಾರು 5 ಸೆಂ.ಮೀ. ಹಿಂದೆ ಇರಲಿ. ಉದ್ದ ಮೂತಿಯೊಳಗೆ ಬ್ಯಾಟರಿ ಹಿಂದೆ ಮುಂದೆ ಸರಿಸಿಯೇ ಇದನ್ನು ಹೊಂದಿಸಬಹುದು, ಸೀಸ ಬೇಡ. ತುದಿಯ ಕಡೆ ರೆಕ್ಕೆಯನ್ನು 2 ಡಿಗ್ರಿ ಕೆಳಕ್ಕೆ ತಿರುಚಿ, ಆಗ ಬುಡ ಮೊದಲು ಸ್ಟಾಲ್ ಆಗುತ್ತೆ, ವಿಮಾನ ಮಗುಚದೆ ನೇರವಾಗಿ ತಗ್ಗುತ್ತೆ. ಮೂಲ ವಿಮಾನಕ್ಕಿಂತ ಫ್ಲಾಪ್ ಸ್ವಲ್ಪ ದೊಡ್ಡದಾದರೂ ಪರವಾಗಿಲ್ಲ.

ಹಾರಿಸುವ ಮುನ್ನ ಮೂರು ಮಾತು. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಬಯಲು ಯಾವ ಬಣ್ಣದ ವಲಯದಲ್ಲಿದೆ ನೋಡಿ. ಆಷಾಢದ ಗಾಳಿಯಲ್ಲಿ ಬೇಡ, ಗಾಳಿ ಏಳುವ ಮುಂಚೆ ಬೆಳಗ್ಗೆ ಹಾರಿಸಿ. ವಿಮಾನ ಸುಳಿಯಲ್ಲಿ ಸಿಕ್ಕಿಕೊಂಡರೆ ಕಲ್ಲು ಬೀಸಬೇಡಿ, ನೀವೇ ಹತ್ತಲೂ ಬೇಡಿ. ಥ್ರಾಟಲ್ ಸೊನ್ನೆಗೆ ಇಳಿಸಿ, ಅದು ತಿರುಗದಂತೆ ಲಾಕ್ ಮಾಡಿ, ತೋಟದವರಿಗೆ ತಿಳಿಸಿ. ಮರ ಹತ್ತಿ ಬಲ್ಲವರು ಒಪ್ಪಿದರೆ ಕೂಲಿ ಕೊಟ್ಟು ಇಳಿಸಿಕೊಳ್ಳಿ, ಪ್ರೊಪೆಲ್ಲರ್ ಮುಟ್ಟದೆ ಮೊದಲು ಬ್ಯಾಟರಿಯ ಕನೆಕ್ಟರ್ ಕೀಳುವಂತೆ ಅವರಿಗೆ ಹೇಳಿಕೊಡಿ.

ಸ್ಪಿಟ್‌ಫೈರ್ ಬಿಡಬೇಕಲ್ಲ ಅಂತ ಬೇಜಾರಾಗುವವರಿಗೆ ಒಂದು ಮಾತು. ಅಟ್ಟದ ಮೇಲೆ ಕಾಯಿ ಹಾಕಿ, ಅದು ಉಂಡೆ ಕೊಬ್ಬರಿಯಾಗಲಿ ಅಂತ ಹತ್ತು ಹನ್ನೊಂದು ತಿಂಗಳು ಕಾಯುವ ಸೀಮೆ ನಮ್ಮದು. ಎಚ್‌ಟಿ-2 ಇಪ್ಪತ್ತು ಸಲ ನೆಟ್ಟಗೆ ಇಳಿಯಲಿ. ಅದೇ ರೇಡಿಯೋ, ಅದೇ ಸರ್ವೋಗಳನ್ನು ಮುಂದಿನ ವರ್ಷ ಹರಿಕೇನ್‌ಗೆ ಹಾಕಿಕೊಳ್ಳೋಣ.