ನಮ್ಮ ಶಾಲೆಯ ಹಂಚು ಮತ್ತು ಜೆಪ್ಪು

ಗೆಳೆಯ ಗೆಳತಿಯರೇ, ಜೂನ್ ತಿಂಗಳ ಗಾಳಿ ಮಳೆಗೆ ನಮ್ಮ ಐದನೇ ತರಗತಿಯ ಮಾಡಿನಿಂದ ಒಂದು ಹಂಚು ಬಿದ್ದದ್ದು ನಿಮಗೆಲ್ಲ ನೆನಪಿರಬಹುದು. ಅದರ ಹಿಂಬದಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಮಂಗಳೂರು ಎಂದೂ 1868 ಎಂದೂ ಇತ್ತು. "ನಮ್ಮ ಶಾಲೆಗೆ ನೂರೈವತ್ತು ವರ್ಷ ದಾಟಿತು!" ಎಂದು ನಾವು ಕುಣಿದೆವು. ಆದರೆ ಬಾಗಿಲಿನ ಮೇಲೆ ಶಾಲೆ ಕಟ್ಟಿದ ವರ್ಷ 1956 ಎಂದು ಬರೆದುಂಟು. ಹಾಗಾದರೆ ಯಾವುದು ಸರಿ? ದಸರಾ ರಜೆಯಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿರುವ ದೊಡ್ಡಮ್ಮನ ಮನೆಗೆ ಹೋದಾಗ ನನಗೆ ಉತ್ತರ ಸಿಕ್ಕಿತು. ಆದ್ದರಿಂದ ಈ ಸಲದ ಗೋಡೆ ಪತ್ರಿಕೆಗೆ ಜೆಪ್ಪುವಿನ ಬಗ್ಗೆ ಬರೆದಿದ್ದೇನೆ.

ಜೆಪ್ಪು ಎಲ್ಲಿದೆ?

ಜೆಪ್ಪು ಮಂಗಳೂರು ನಗರದ ದಕ್ಷಿಣ ಭಾಗದಲ್ಲಿದೆ. ಅದರ ದಕ್ಷಿಣಕ್ಕೆ ನೇತ್ರಾವತಿ ನದಿ. ಹತ್ತಿರದಲ್ಲಿ ಬೋಳಾರ, ಮಂಗಳಾದೇವಿ, ಮೋರ್ಗನ್ಸ್ ಗೇಟ್, ಕಂಕನಾಡಿ, ಜೆಪ್ಪಿನಮೊಗರು ಎಂಬ ಜಾಗಗಳಿವೆ. ಮಂಗಳೂರು ಎಂಬ ಹೆಸರು ಮಂಗಳಾದೇವಿಯಿಂದ ಬಂತೆಂದು ಹೇಳುತ್ತಾರೆ. ಆ ದೇವಸ್ಥಾನಕ್ಕೆ ದೊಡ್ಡಮ್ಮನ ಮನೆಯಿಂದ ನಾವು ನಡೆದೇ ಹೋದೆವು.

ನೇತ್ರಾವತಿ ಪಶ್ಚಿಮ ಘಟ್ಟದಲ್ಲಿ ಹುಟ್ಟುತ್ತದೆ. ಉಪ್ಪಿನಂಗಡಿಯಲ್ಲಿ ಕುಮಾರಧಾರಾ ಅದಕ್ಕೆ ಸೇರುತ್ತದೆ. ಆಮೇಲೆ ಬಂಟ್ವಾಳ ದಾಟಿ, ಜೆಪ್ಪುವಿನ ಬದಿಯಿಂದ ಹರಿದು, ಅಳಿವೆಯಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ನಮ್ಮೂರಿನ ಕಡವಿನಲ್ಲಿ ನಾವು ಕಾಲು ತೊಳೆದ ನೀರು ಜೆಪ್ಪುವಿಗೆ ಹೋಗುತ್ತದೆ ಎಂದು ಗೊತ್ತಾದಾಗ ನನಗೆ ಆಶ್ಚರ್ಯವಾಯಿತು. ಕೇರಳದ ಕಡೆ ಹೋಗುವ ರೈಲು ಇಲ್ಲಿಯೇ ನದಿ ದಾಟುತ್ತದೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ರಾಷ್ಟ್ರೀಯ ಹೆದ್ದಾರಿ 66ರ ಸೇತುವೆ ದಾಟಿದರೆ ತೊಕ್ಕೊಟ್ಟು ಸಿಗುತ್ತದೆ.

ಹಂಚಿನ ಕಥೆ

ಹಿಂದೆ ನಮ್ಮ ಜಿಲ್ಲೆಯಲ್ಲಿ ಬಡವರ ಮನೆಗೆ ಮುಳಿಹುಲ್ಲಿನ ಮಾಡು, ಇದ್ದವರ ಮನೆಗೆ ಕುಂಬಾರರು ಮಾಡಿದ ನಾಡಹಂಚು. ಮುಳಿಹುಲ್ಲಿಗೆ ಬೇಗ ಬೆಂಕಿ ಹಿಡಿಯುತ್ತಿತ್ತು. ಅದನ್ನು ಆಗಾಗ ಬದಲಿಸಲೂ ಬೇಕಿತ್ತು.

1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು. ಅವರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಮೊದಲು ಮಿಷನ್ನಿನ ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಇಲ್ಲಿಯ ಮಣ್ಣು ಹಂಚಿಗೆ ಒಳ್ಳೆಯದೆಂದು ಅವರಿಗೆ ತಿಳಿಯಿತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ಆಮೇಲೆ ಊರಿನವರೇ ಕಾರ್ಖಾನೆ ಹಾಕಿದರು. 1868ರಲ್ಲಿ ಶುರುವಾದ ಆಲ್ಬುಕರ್ಕ್ ಕಾರ್ಖಾನೆ ಅಂಥದ್ದೊಂದು. ಮೊದಲನೇ ಮಹಾಯುದ್ಧ ಬಂದಾಗ ಜರ್ಮನಿಯ ಮಿಷನರಿಗಳು ಇಲ್ಲಿಂದ ಹೋಗಬೇಕಾಯಿತು. ಅವರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು.

ಜೆಪ್ಪುವಿನಲ್ಲೇ ಯಾಕೆ? ಕಾರಣ ನದಿ. ನದಿ ಬದಿಯ ಗದ್ದೆಗಳಲ್ಲಿ ಜೇಡಿಮಣ್ಣು ಇತ್ತು. ಮಣ್ಣು ಮತ್ತು ಸೌದೆ ದೋಣಿಯಲ್ಲಿ ಬರುತ್ತಿತ್ತು. ತಯಾರಾದ ಹಂಚು ಸಾಗಿಸಲು ಬಂದರು ಹತ್ತಿರ ಇತ್ತು. ಮಂಗಳೂರು ಹಂಚು ಹಡಗಿನಲ್ಲಿ ಬೊಂಬಾಯಿಗೆ, ಸಿಲೋನಿಗೆ, ಪೂರ್ವ ಆಫ್ರಿಕಕ್ಕೆಲ್ಲ ಹೋಗಿದೆ.

ಹಂಚು ಮಾಡುವ ರೀತಿ

ದೊಡ್ಡಮ್ಮನ ಮಾವನನ್ನು ನಾನೂ ಅಜ್ಜ ಎಂದೇ ಕರೆಯುವುದು. ಅವರು ಒಂದು ಹಂಚಿನ ಕಾರ್ಖಾನೆಯಲ್ಲಿ 31 ವರ್ಷ ದುಡಿದವರು. ಅವರು ಹೇಳಿದ್ದು ಹೀಗೆ:

1. ಮಣ್ಣನ್ನು ರಾಶಿ ಹಾಕಿ ನೀರು ಬೆರೆಸಿ ಹದ ಮಾಡಬೇಕು.
2. ಯಂತ್ರದಲ್ಲಿ ಚೆನ್ನಾಗಿ ಅರೆಯಬೇಕು. ಮೊದಮೊದಲು ಇದಕ್ಕೆ ಎತ್ತು ಕಟ್ಟುತ್ತಿದ್ದರಂತೆ.
3. ಮಣ್ಣಿನ ತುಂಡನ್ನು ಅಚ್ಚಿನಲ್ಲಿಟ್ಟು ಒತ್ತಬೇಕು. ಹೆಸರು ಬೀಳುವುದು ಆಗಲೇ.
4. ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ.
5. ಗೂಡಿನಲ್ಲಿ ಸುಡಬೇಕು. ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಸುಟ್ಟಾಗ ಕೆಂಪು ಬಣ್ಣ ಬರುತ್ತದೆ.

ಹಂಚಿನ ಅಂಚಿನಲ್ಲಿ ಗೀರು ಇರುವುದರಿಂದ ಒಂದಕ್ಕೊಂದು ಕಚ್ಚಿ ಕೂರುತ್ತದೆ, ಮಳೆನೀರು ಒಳಗೆ ಬರುವುದಿಲ್ಲ.

ನಾನು 1868ರ ಪ್ರಶ್ನೆ ಕೇಳಿದೆ. ಅಜ್ಜ ನಕ್ಕು, "ಅದು ಹಂಚು ಮಾಡಿದ ವರ್ಷ ಅಲ್ಲ ಮಗಾ, ಕಾರ್ಖಾನೆ ಶುರು ಮಾಡಿದ ವರ್ಷ. ಎಲ್ಲ ಹಂಚಿಗೂ ಅದೇ ಅಚ್ಚು" ಎಂದರು. ಈಗ ತಿಳಿಯಿತಲ್ಲ? 1956 ಸರಿ, 1868 ಕೂಡ ಸರಿ.

ಈಗಿನ ಜೆಪ್ಪು

ಜೆಪ್ಪುವಿನಲ್ಲಿ ಸಂತ ಜೋಸೆಫರ ಸೆಮಿನರಿ ಉಂಟು. ಅದು 1879ರಲ್ಲಿ ಸ್ಥಾಪನೆಯಾದದ್ದು. ಪಾದ್ರಿಗಳಾಗುವವರು ಅಲ್ಲಿ ಕಲಿಯುತ್ತಾರೆ. ಮಾರ್ಕೆಟಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಭಾಷೆ ಕೇಳಿತು. ಮೀನು ಮಾರುವ ಅಕ್ಕ ಒಬ್ಬರೇ ಮೂರು ಭಾಷೆಯಲ್ಲಿ ಚರ್ಚೆ ಮಾಡಿದರು!

ಆದರೆ ಹೆಚ್ಚಿನ ಹಂಚಿನ ಕಾರ್ಖಾನೆಗಳು ಮುಚ್ಚಿವೆ. ಒಳ್ಳೆ ಮಣ್ಣು ಸಿಗುವುದು ಕಷ್ಟ, ಸೌದೆಗೆ ಕ್ರಯ ಜಾಸ್ತಿ, ಜನರಿಗೆ ತಾರಸಿ ಮನೆ ಬೇಕು. ಅಜ್ಜನ ಕಾರ್ಖಾನೆಯೂ ಮುಚ್ಚಿತು. ಆಗ ಅಜ್ಜಿ ಬೀಡಿ ಕಟ್ಟಿ ಮನೆ ನಡೆಸಿದರಂತೆ. ಸಂಜೆ ಅಜ್ಜ ನನ್ನನ್ನು ನದಿ ಬದಿಗೆ ಕರೆದುಕೊಂಡು ಹೋದರು. ದೂರದ ಹಳೇ ಹೊಗೆ ಕೊಳವೆ ತೋರಿಸಿ, "ಅದರಲ್ಲಿ ಹೊಗೆ ಕಂಡರೆ ನಮ್ಮ ಮನೆಯಲ್ಲಿ ಗಂಜಿ" ಎಂದರು. ಮತ್ತೆ ಏನೂ ಮಾತಾಡಲಿಲ್ಲ. ಅಜ್ಜನ ಅಂಗೈ ಈಗಲೂ ಹಂಚಿನ ಹಾಗೆ ಗಟ್ಟಿ ಉಂಟು.

ನನ್ನ ಕೋರಿಕೆ

ಬರುವ ಬೇಸಿಗೆ ರಜೆಯಲ್ಲಿ ನಮ್ಮ ಶಾಲೆಯ ಹಂಚು ತೆಗೆದು ಶೀಟು ಹಾಕುತ್ತಾರಂತೆ. ಪಕ್ಕಾಸು, ರೀಪು ಎಲ್ಲ ಗೆದ್ದಲು ಹಿಡಿದದ್ದರಿಂದ ಅದು ಬೇಕಾದದ್ದೇ. ನಮ್ಮ ತಲೆ ಮೇಲೆ ಹಂಚು ಬೀಳಬಾರದು. ಆದರೆ ಹೆಡ್ಮಾಸ್ಟ್ರಲ್ಲಿ ನನ್ನದೊಂದು ವಿನಂತಿ: ಹೆಸರಿರುವ ಒಂದು ಒಳ್ಳೆಯ ಹಂಚನ್ನು ವಿಜ್ಞಾನ ಕಪಾಟಿನಲ್ಲಿ ಇಡಬೇಕು. ಅದರ ಹತ್ತಿರ "ಇದನ್ನು ನೇತ್ರಾವತಿ ಬದಿಯ ಕೆಲಸಗಾರರು ಮಾಡಿದ್ದು" ಎಂದು ಬರೆದಿಡಬೇಕು. ಹಂಚಿನ ಮೇಲೆ ಕಾರ್ಖಾನೆಯ ಹೆಸರುಂಟು, ಅಜ್ಜನಂಥವರ ಹೆಸರಿಲ್ಲ.

ಉತ್ತರಿಸಿರಿ:

1. ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಗಲು ಮೂರು ಕಾರಣ ಕೊಡಿ.
2. ಹಂಚು ಕೆಂಪಗಾಗುವುದು ಯಾಕೆ?
3. ನಿಮ್ಮ ಮನೆಯ ಹಂಚಿನಲ್ಲಿ ಯಾವ ಹೆಸರುಂಟು? ನೋಡಿ ಬರೆದು ತನ್ನಿ. (ಮಾಡಿಗೆ ಹತ್ತಬೇಡಿ, ಹಟ್ಟಿಯ ಬದಿಯಲ್ಲಿ ಬಿದ್ದ ತುಂಡು ಸಾಕು.)

ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

— ಏಳನೇ ತರಗತಿ