ಬ್ರೈಲ್ ಯಂತ್ರ: ಬೆಲೆಯನ್ನು ಸೆಲ್‌ಗಳಿಂದಲೂ ವರ್ಷಗಳಿಂದಲೂ ಭಾಗಿಸಬೇಕು

ಅಂಧರು ಬೆರಳತುದಿಯಿಂದ ಓದುವ ವಿದ್ಯುನ್ಮಾನ ಸಾಧನಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಕಂಪ್ಯೂಟರ್‌ಗೋ ಮೊಬೈಲ್‌ಗೋ ಜೋಡಿಸಿದಾಗ ಪರದೆಯ ಬರಹವನ್ನು ಉಬ್ಬುಚುಕ್ಕೆಗಳ ಸಾಲಾಗಿ ಮೂಡಿಸುವುದು ಬ್ರೈಲ್ ಡಿಸ್‌ಪ್ಲೇ. ಅದೇ ಚುಕ್ಕೆಸಾಲಿನೊಂದಿಗೆ ಸ್ವಂತ ಪ್ರೊಸೆಸರ್ ಮತ್ತು ತಂತ್ರಾಂಶಗಳನ್ನು ಹೊಂದಿದ್ದು, ಬೇರೆ ಯಂತ್ರದ ಹಂಗಿಲ್ಲದೆ ಟಿಪ್ಪಣಿ, ಇಮೇಲ್, ಪುಸ್ತಕಗಳನ್ನು ನಿಭಾಯಿಸುವುದು ನೋಟ್‌ಟೇಕರ್. ಒಂದು ಬ್ರೈಲ್ ಚಿಹ್ನೆಗೆ ಬೇಕಾದ ಆರು ಅಥವಾ ಎಂಟು ಚುಕ್ಕೆಗಳ ಗುಂಪಿಗೆ ಸೆಲ್ ಎನ್ನುತ್ತಾರೆ. ಹೆಚ್ಚಿನ ಯಂತ್ರಗಳಲ್ಲಿ ಪ್ರತಿ ಚುಕ್ಕೆಯನ್ನೂ ಮೇಲೆತ್ತಲು ವಿದ್ಯುತ್ತಿಗೆ ಬಾಗುವ ಪೀಜೋ ಪಟ್ಟಿಯೊಂದು ಬೇಕಾಗುವುದರಿಂದ, ಸೆಲ್‌ಗಳು ಹೆಚ್ಚಿದಂತೆ ಬೆಲೆಯೂ ಏರುತ್ತದೆ.

ಚೆನ್ನೈನ ತ್ರಿಪ್ಲಿಕೇನ್‌ನ ಕನ್ನಡ ಮನೆಮಾತಿನ ಕುಟುಂಬಗಳಲ್ಲೊಂದಾದ ಈ ಅಂಕಣಕಾರರ ಮನೆಯಲ್ಲಿ, ಕಾಲೇಜು ಸೇರಲಿದ್ದ ಅಂಧ ಮಗಳಿಗಾಗಿ ಯಂತ್ರ ಕೊಳ್ಳುವ ಪ್ರಶ್ನೆ ಬಂದಾಗ ಮೂರು ದರಗಳು ಎದುರಿಗಿದ್ದವು: 32 ಸೆಲ್‌ಗಳ ನೋಟ್‌ಟೇಕರ್‌ಗೆ ಸುಮಾರು 4,80,000 ರೂಪಾಯಿ, 40 ಸೆಲ್‌ಗಳ ಡಿಸ್‌ಪ್ಲೇಗೆ 2,40,000, ಅಗ್ಗದ ತಂತ್ರಜ್ಞಾನದ 20 ಸೆಲ್‌ಗಳ ಡಿಸ್‌ಪ್ಲೇಗೆ 45,000. ಕುಟುಂಬವು ಆರಿಸಿಕೊಂಡದ್ದು 40 ಸೆಲ್‌ಗಳ ಡಿಸ್‌ಪ್ಲೇಯನ್ನು. ಉಳಿತಾಯದ ಬಹುಪಾಲನ್ನು ನುಂಗಿದ ಆ ಆಯ್ಕೆಯ ಹಿಂದಿನ ಲೆಕ್ಕ ಹೀಗಿದೆ.

ನೋಟ್‌ಟೇಕರ್‌ನ ತಂತ್ರಾಂಶವು ಆರು ವರ್ಷ ಉಪಯುಕ್ತವಾಗಿ ಉಳಿಯುತ್ತದೆಂದು ಹಿಡಿದರೆ ವರ್ಷದ ವೆಚ್ಚ 80,000 ರೂಪಾಯಿ; ಅದನ್ನು 32ರಿಂದ ಭಾಗಿಸಿದರೆ ಒಂದು ಸೆಲ್‌ಗೆ ವರ್ಷಕ್ಕೆ 2,500. 40 ಸೆಲ್‌ಗಳ ಡಿಸ್‌ಪ್ಲೇ ಹತ್ತು ವರ್ಷ ಬಾಳಿದರೆ ವರ್ಷಕ್ಕೆ 24,000. ಆರು ವರ್ಷ ಬಾಳುವ 36,000 ರೂಪಾಯಿಯ ಲ್ಯಾಪ್‌ಟಾಪ್‌ನ ಪಾಲು 6,000. ಒಟ್ಟು 30,000, ಅಂದರೆ ಸೆಲ್‌ಗೆ 750. 20 ಸೆಲ್‌ಗಳದ್ದು ಐದು ವರ್ಷ ಬಾಳಿದರೆ 9,000ಕ್ಕೆ ಲ್ಯಾಪ್‌ಟಾಪ್‌ನ 6,000 ಸೇರಿ 15,000. ಸೆಲ್‌ಗೆ ಅದೂ 750. ಆದ್ದರಿಂದ ಡಿಸ್‌ಪ್ಲೇಗಳೆರಡರ ನಡುವಿನ ಆಯ್ಕೆಯನ್ನು ಓದಿನ ಅಗತ್ಯವೇ ತೀರ್ಮಾನಿಸಬೇಕು.

ಆ ಅಗತ್ಯವು ಕನ್ನಡದಲ್ಲಿ ದೊಡ್ಡದು. 1950ರ ದಶಕದ ಆರಂಭದಲ್ಲಿ ರೂಪುಗೊಂಡ ಭಾರತಿ ಬ್ರೈಲ್ ಕನ್ನಡಕ್ಕೂ ತಮಿಳಿಗೂ ಬಹುಮಟ್ಟಿಗೆ ಒಂದೇ ಚುಕ್ಕೆಗಳನ್ನು ನೀಡಿರುವುದು ಚೆನ್ನೈನ ವಿದ್ಯಾರ್ಥಿಗೆ ದೊಡ್ಡ ಅನುಕೂಲವೇ ಆದರೂ, ಅದರಲ್ಲಿ ಸ್ವರಚಿಹ್ನೆಗೊಂದು, ಒತ್ತಕ್ಷರವೋ ಅರ್ಧಾಕ್ಷರವೋ ಬಂದಾಗ ಸ್ವರ ಕಳೆಯುವ ಹಲಂತಕ್ಕೊಂದು ಪ್ರತ್ಯೇಕ ಸೆಲ್ ಬೇಕು. ‘ತ್ರಿಪ್ಲಿಕೇನ್’ ಎಂಬ ಪದ 12 ಸೆಲ್‌ಗಳನ್ನೂ, ‘ಪಾರ್ಥಸಾರಥಿ’ 10ನ್ನೂ, ‘ದೇವಸ್ಥಾನ’ 8ನ್ನೂ ಬೇಡುತ್ತವೆ. ನಡುವಿನ ಎರಡು ಖಾಲಿ ಜಾಗ ಸೇರಿ 32. ಈ ಮೂರು ಪದಗಳು 40 ಸೆಲ್‌ಗಳಲ್ಲಿ ಒಮ್ಮೆಗೇ ಬೆರಳಿಗೆ ಸಿಗುತ್ತವೆ. 20ರಲ್ಲಿ ಮೊದಲ ಪದದ ನಂತರವೇ ಗುಂಡಿ ಒತ್ತಿ ಮುಂದಿನ ಸಾಲಿಗೆ ಹೋಗಬೇಕಾಗುತ್ತದೆ. ಪಠ್ಯಪುಸ್ತಕ ಓದುವವರಿಗೆ 40, ಸಣ್ಣ ಟಿಪ್ಪಣಿ ಬರೆದುಕೊಳ್ಳುವವರಿಗೆ 20 ಸೂಕ್ತ.

ನೋಟ್‌ಟೇಕರ್ ಗುಂಡಿ ಒತ್ತಿದೊಡನೆ ಬರೆಯಲು ಸಿದ್ಧವಾಗುತ್ತದೆಂಬುದು ನಿಜ. ಆದರೆ ಅದರೊಳಗಿನ ಆಪರೇಟಿಂಗ್ ಸಿಸ್ಟಂ ಹಳತಾಗಿ, ತಯಾರಕರು ಅಪ್‌ಡೇಟ್ ನಿಲ್ಲಿಸಿದ ಮೇಲೆ, ಸೆಲ್‌ಗಳು ಗಟ್ಟಿಯಾಗಿದ್ದರೂ ಯಂತ್ರದ ಅರ್ಧ ಕೆಲಸ ನಿಂತುಹೋಗುತ್ತದೆ. ಮಧ್ಯಮ ವರ್ಗದ ಕುಟುಂಬದಿಂದ ಇಷ್ಟು ಹಣ ಪಡೆದು ಇಷ್ಟು ಅಲ್ಪಾಯುಷ್ಯದ ವಸ್ತುವನ್ನು ಕೊಡುವುದು ಒಪ್ಪತಕ್ಕದ್ದಲ್ಲ. ಡಿಸ್‌ಪ್ಲೇ ಕೊಂಡವರಿಗಾದರೋ, ಪರದೆಯ ಬರಹವನ್ನು ಧ್ವನಿ ಮತ್ತು ಬ್ರೈಲ್‌ಗೆ ತಿರುಗಿಸುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿದೆ. ಲ್ಯಾಪ್‌ಟಾಪ್ ಕೆಟ್ಟರೆ ತ್ರಿಪ್ಲಿಕೇನ್‌ಗೆ ಹತ್ತಿರದ ರಿಚಿ ಸ್ಟ್ರೀಟ್‌ನಲ್ಲಿ ರಿಪೇರಿಯಾಗುತ್ತದೆ.

ವೆಚ್ಚದ ಹೊರೆ ತುಸು ತಗ್ಗಿಸಲು, ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಉಳಿದವರಿಗೆ, ಅವಲಂಬಿತ ಅಂಗವಿಕಲರ ಪಾಲನೆಗಾಗಿ 80ಡಿಡಿ ಎಂದು ಪರಿಚಿತವಾದ ವಿನಾಯಿತಿ ಉಂಟು: ಶೇ 80ಕ್ಕೆ ಕಡಿಮೆಯಿಲ್ಲದ ವೈಕಲ್ಯಕ್ಕೆ 1,25,000 ರೂಪಾಯಿ. ಶೇ 20ರ ಹಂತದಲ್ಲಿ ಇದು ಸೆಸ್ ಸೇರಿ 26,000 ರೂಪಾಯಿ ತೆರಿಗೆ ಉಳಿಸುತ್ತದೆ. ಹೊಸ ಪದ್ಧತಿಯಲ್ಲಿ ಅದಿಲ್ಲ.

ಇಷ್ಟಾದರೂ ಯಂತ್ರದ ಬೆಲೆ ಸಾರ್ಥಕವಾಗುವುದು ಅಭ್ಯಾಸದಿಂದ ಮಾತ್ರ. ಕೇವಲ ಧ್ವನಿ ಕೇಳಿ ಕಲಿತ ಮಕ್ಕಳಿಗೆ ಕಾಗುಣಿತವೂ ಒತ್ತಕ್ಷರವೂ ಸುಲಭವಾಗಿ ಕೈಗೆ ಹತ್ತುವುದಿಲ್ಲ. ದಿನವೂ ಓದಬೇಕು, ಓದುವ ಮುನ್ನ ಕೈ ತೊಳೆದು ಒರೆಸಿಕೊಳ್ಳಬೇಕು, ಕಡಲತೀರದ ಊರಿನಲ್ಲಿ ಯಂತ್ರವನ್ನು ಮುಚ್ಚಿಡಬೇಕು. ಕೊಳ್ಳುವ ಮುನ್ನ ಓದುಗರು ಮಾರಾಟಗಾರರಿಂದ ಮೂರು ಉತ್ತರಗಳನ್ನು ಬರಹದಲ್ಲಿ ಪಡೆಯಲಿ: ಒಂದು ಸೆಲ್ ಬದಲಿಸಲು ಎಷ್ಟು ಹಣ, ದುರಸ್ತಿಗೆ ಎಷ್ಟು ದಿನ, ಅಪ್‌ಡೇಟ್ ಎಷ್ಟು ವರ್ಷ. ಉತ್ತರ ಕೊಡದವರಿಂದ ಕೊಳ್ಳಬಾರದು.