ಹಳೆಯ ಕಾರು ಏರು ಹತ್ತದೇಕೆ?

ತುಂಗಭದ್ರೆಯ ದಂಡೆಯಲ್ಲಿರುವ ಕೊರ್ಲಹಳ್ಳಿಯಿಂದ ಮುಂಡರಗಿಯ ಕಡೆಗೆ ಹೊರಟ ಹಳೆಯ ಕಾರೊಂದನ್ನು ವಾಚಕರು ಊಹಿಸಿಕೊಳ್ಳಲಿ. ೨೦೧೪ರಲ್ಲಿ ತಯಾರಿಕೆ ನಿಂತ ಮಾರುತಿ ೮೦೦ ಅದಾಗಿರಲಿ. ಕೈಯಿಂದ ಕೈಗೆ ದಾಟಿ ಬಂದುದು. ಏರು ಬಂದೊಡನೆ ಇಂಜಿನ್ ಅಬ್ಬರಿಸುತ್ತದೆ, ಕಾರು ಮಾತ್ರ ಮುಂದೆ ಸಾಗಲೊಲ್ಲದು. ಸುಟ್ಟ ವಾಸನೆಯೂ ಮೂಗಿಗೆ ಬಡಿಯುತ್ತದೆ. ಗಿಯರ್ ಪೆಟ್ಟಿಗೆಯೇ ಕೆಟ್ಟಿತೆಂದು ಒಡೆಯನು ದೊಡ್ಡ ಖರ್ಚಿಗೆ ಅಂಜುವನು. ಇದು ಅವಸರದ ತೀರ್ಪು.

ಗಿಯರ್ ಪೆಟ್ಟಿಗೆಯಲ್ಲಿ ಹಲ್ಲಿಗೆ ಹಲ್ಲು ಕಚ್ಚಿಕೊಂಡಿರುತ್ತದೆ. ಹಲ್ಲು ಮುರಿಯಬಹುದು, ಗಿಯರು ತಾನಾಗಿ ಬಿಟ್ಟುಕೊಳ್ಳಲೂಬಹುದು. ಆದರೆ ಕಚ್ಚಿಕೊಂಡಿರುವಷ್ಟು ಕಾಲ ಅದು ಜಾರಲಾರದು. ಜಾರುವುದು ಕ್ಲಚ್ಚು. ಅಲ್ಲಿ ಇಂಜಿನ್ನಿನ ಭಾರವಾದ ಗಾಲಿಗೆ ಒಂದು ತಟ್ಟೆಯನ್ನು ಸ್ಪ್ರಿಂಗು ಒತ್ತಿ ಹಿಡಿದಿರುವುದು. ಬಲವೆಲ್ಲ ಘರ್ಷಣೆಯಿಂದಲೇ ದಾಟಬೇಕು. ತಟ್ಟೆಯ ಮೇಲ್ಪದರ ಸವೆದರೆ, ಇಲ್ಲವೆ ಎಣ್ಣೆ ತಗುಲಿದರೆ, ಹಿಡಿತ ಸಡಿಲುವುದು.

ಹಾಗಾದರೆ ಶಕ್ತಿ ಎಲ್ಲಿ ಹೋಯಿತು? ಇಂಜಿನ್ ನಿಮಿಷಕ್ಕೆ ೩೦೦೦ ಸುತ್ತು, ತಟ್ಟೆ ೨೫೦೦ ಸುತ್ತು ತಿರುಗುತ್ತಿವೆಯೆನ್ನೋಣ. ತಿರುಗಿಸುವ ಬಲ ೫೦ ನ್ಯೂಟನ್-ಮೀಟರ್ ಇರಲಿ. ೫೦೦ ಸುತ್ತಿನ ವ್ಯತ್ಯಾಸವೆಂದರೆ ಸೆಕೆಂಡಿಗೆ ಸುಮಾರು ೫೨ ರೇಡಿಯನ್. ಎರಡನ್ನೂ ಗುಣಿಸಿದರೆ ೨೬೦೦ ವಾಟ್. ಸಾವಿರ ವಾಟಿನ ಎರಡೂವರೆ ಇಸ್ತ್ರಿಪೆಟ್ಟಿಗೆಗಳ ಕಾವು, ಗೇಣಗಲವೂ ಇಲ್ಲದ ತಟ್ಟೆಯ ಮೇಲೆ! ವಾಸನೆ ಬಂದುದರಲ್ಲಿ ಸೋಜಿಗವೇನು?

ಪರೀಕ್ಷೆ ಸುಲಭ. ಸಮತಟ್ಟಾದ ಬಯಲಿನಲ್ಲಿ, ಎದುರಿಗೆ ಯಾರೂ ಇಲ್ಲದಾಗ, ಕೈಬ್ರೇಕನ್ನು ಬಿಗಿದು ಮೂರನೆಯ ಗಿಯರಿನಲ್ಲಿ ಕ್ಲಚ್ಚನ್ನು ಮೆಲ್ಲಗೆ ಬಿಡಬೇಕು. ಇಂಜಿನ್ ಒದ್ದಾಡಿ ನಿಂತರೆ ಹಿಡಿತವುಂಟು. ಕಾರು ಕದಲದೆ ಇಂಜಿನ್ ತಿರುಗುತ್ತಲೇ ಇದ್ದರೆ ತಟ್ಟೆಯೇ ಕಳ್ಳ. (ಪದೇ ಪದೇ ಮಾಡಿದರೆ ಉಳಿದ ಪದರವೂ ಸುಟ್ಟೀತು.) ಆಗಲೂ ಮೊದಲು ಕ್ಲಚ್ಚಿನ ತಂತಿಯನ್ನು ನೋಡಿಸುವುದು ಲೇಸು: ಅದು ಅತಿಯಾಗಿ ಬಿಗಿದಿದ್ದರೆ, ಕಾಲು ತೆಗೆದ ಮೇಲೂ ತಟ್ಟೆ ಪೂರ್ತಿ ಒತ್ತಿಕೊಳ್ಳದು.